ಡಿಗಾಕ್ಸಿನ್ ಮಾತ್ರೆ ಕೊಡುವ ಮುನ್ನ

ಡಿಗಾಕ್ಸಿನ್ ಹೃದಯದ ಸಂಕೋಚನಕ್ಕೆ ಬಲ ಕೊಟ್ಟು ಬಡಿತವನ್ನು ನಿಧಾನಗೊಳಿಸುತ್ತದೆ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ ಇರುವುದರಿಂದ, ಮಾತ್ರೆಯನ್ನು ರೋಗಿಯ ಕೈಗಿಡುವ ಮೊದಲು ಶುಶ್ರೂಷಕರು ಸ್ಟೆತಸ್ಕೋಪನ್ನು ಎದೆಯ ಎಡಭಾಗದಲ್ಲಿ, ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿಯುವ ನೇರಕ್ಕೆ ಇಟ್ಟು, ಪೂರ್ಣ 1 ನಿಮಿಷ ಬಡಿತ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರದ ಅಭ್ಯಾಸ ಇಲ್ಲಿ ಸಲ್ಲದು. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಕ್ರಮತಪ್ಪಿ ಅದುರುವ ತೊಂದರೆ) ಇರುವವರಲ್ಲಿ ಲಯವೇ ತಪ್ಪಿರುತ್ತದೆ, ಎಲ್ಲ ಬಡಿತಗಳೂ ಮಣಿಕಟ್ಟಿನವರೆಗೆ ತಲುಪುವುದಿಲ್ಲ; ಅದಕ್ಕೇ ನಾಡಿಯ ಬದಲು ಎದೆಯಲ್ಲಿ ಎಣಿಸುವುದು. ವಯಸ್ಕರಲ್ಲಿ ಎಣಿಕೆ 60ಕ್ಕಿಂತ ಕಡಿಮೆ ಬಂದರೆ ಮಾತ್ರೆಯನ್ನು ತಡೆಹಿಡಿದು, ವೈದ್ಯರಿಗೆ ತಿಳಿಸಿ, ಕಾರಣವನ್ನು ಚಾರ್ಟಿನಲ್ಲಿ ಬರೆಯಬೇಕು.

ಜೊತೆಗೆ ಮೂತ್ರ ಹೆಚ್ಚಿಸುವ ಔಷಧವಾದ ಫ್ಯೂರೋಸೆಮೈಡ್ ನಡೆಯುತ್ತಿದ್ದರೆ ರಕ್ತದ ಪೊಟ್ಯಾಸಿಯಂ ವರದಿಯನ್ನೂ ನೋಡಬೇಕು, ಏಕೆಂದರೆ ಆ ಔಷಧ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ ಮತ್ತು ಆ ಕೊರತೆಯಲ್ಲಿ ಡಿಗಾಕ್ಸಿನ್ ಬೇಗ ವಿಷವಾಗುತ್ತದೆ. “ಊಟ ಸೇರುತ್ತಿಲ್ಲ ಸಿಸ್ಟರ್, ಲೈಟಿನ ಸುತ್ತ ಹಳದಿ ಬಳೆ ಕಾಣುತ್ತಿದೆ” ಎಂದು ವಯಸ್ಸಾದವರು ಹೇಳಿದರೆ, ಅದು ಡಿಗಾಕ್ಸಿನ್ ವಿಷವಾಗುತ್ತಿರುವ ಲಕ್ಷಣವಿರಬಹುದು; ಅದನ್ನು ವಯೋಸಹಜವೆಂದು ತಳ್ಳಿಹಾಕುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು.

ಪ್ರಮಾಣ ಬರೆಯುವಾಗ ಬಿಂದುವಿಗೆ ಮೊದಲು, ಅದರ ಎಡಕ್ಕೆ, ಸೊನ್ನೆ ಇರಲೇಬೇಕು: 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ. ಬಿಂದು ಕಣ್ತಪ್ಪಿದರೆ ಪ್ರಮಾಣ ನೂರು ಪಟ್ಟಾಗುತ್ತದೆ.