ಬೆಟ್ಟದ ತರಗಿನಲ್ಲಿ ಚಿಮ್ಮುಹುಳ: 23 ಬಗೆ 14 ಆದದ್ದು

ಮೊದಲ ಮಳೆಗಾಲ ಮುಗಿದಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಒಟ್ಟು 23 ಬಗೆ’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಮುಂದಿನ ವರ್ಷ ಅದೇ ಸೀಸೆಗಳನ್ನು ತೆಗೆದು ಮತ್ತೆ ನೋಡಿದೆ. ಲೆಕ್ಕ 14ಕ್ಕೆ ಇಳಿಯಿತು. ಒಂದೇ ಹುಳಕ್ಕೆ ಎರಡು, ಮೂರು ಹೆಸರು ಕೊಟ್ಟಿದ್ದೆ. ಆ ಒಂಬತ್ತು ಹೇಗೆ ಕರಗಿದವು ಅಂತ ಹೇಳಿದರೆ ಈ ಕೆಲಸ ಶುರು ಮಾಡುವವರಿಗೆ ಒಂದು ವರ್ಷ ಉಳಿಯಬಹುದು.

ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸ್ಪ್ರಿಂಗ್‌ಟೇಲ್ ಅಥವಾ ಕಾಲೆಂಬೊಲಾ ಅನ್ನುವ ಈ ಜೀವಿಗಳನ್ನು ತರಗತಿಯಲ್ಲಿ ಚಿಮ್ಮುಹುಳ ಅಂತಲೇ ಕರೆಯುತ್ತೇವೆ. ಬಹಳಷ್ಟು ಒಂದೆರಡು ಮಿಲಿಮೀಟರ್ ಉದ್ದ, ಅಷ್ಟೇ. ಆರು ಕಾಲಿದ್ದರೂ ಈಗಿನ ವಿಂಗಡಣೆಯಲ್ಲಿ ಇವನ್ನು ಕೀಟಗಳಿಂದ ಬೇರೆ ಇಡುತ್ತಾರೆ. ಬಾಯಿಯ ಭಾಗಗಳು ತಲೆಯ ಒಳಗೆ ಅಡಗಿರುತ್ತವೆ. ಹೊಟ್ಟೆಯ ಕೆಳಗೆ ಮರದ ಕವೆಯ ಹಾಗೆ ಎರಡಾಗಿ ಸೀಳಿದ ಒಂದು ಅಂಗ ಮಡಚಿಕೊಂಡಿರುತ್ತದೆ. ಅದನ್ನು ಒಂದು ಪುಟ್ಟ ಕೊಂಡಿ ಹಿಡಿದಿರುತ್ತದೆ. ಅಪಾಯ ಕಂಡರೆ ಕೊಂಡಿ ಬಿಡುತ್ತದೆ, ಕವೆ ನೆಲಕ್ಕೆ ಬಡಿಯುತ್ತದೆ, ಹುಳ ಚಿಮ್ಮಿ ಹೋಗುತ್ತದೆ. ಮಣ್ಣಿನ ಆಳದಲ್ಲಿ ಬದುಕುವ ಎಷ್ಟೋ ಜಾತಿಗಳಿಗೆ ಈ ಕವೆ ಚಿಕ್ಕದಾಗಿದೆ, ಇಲ್ಲವೇ ಪೂರ್ತಿ ಹೋಗಿದೆ. ಕತ್ತಲಲ್ಲಿ, ಇಕ್ಕಟ್ಟಿನಲ್ಲಿ ಹಾರುವುದಾದರೂ ಎಲ್ಲಿಗೆ, ಅಲ್ವಾ?

ಚಾಮುಂಡಿ ಬೆಟ್ಟದಿಂದ ಶುರು ಮಾಡಿದೆ. ಅದು ಮೀಸಲು ಅರಣ್ಯ. ಒಂದು ಹಿಡಿ ತರಗು ತರುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲು ಆ ಪತ್ರ ಮಾಡಿಸಿಕೊಳ್ಳಿ. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್. ಊರಿಂದ ಲೆಕ್ಕ ಹಾಕಿದರೆ ಮುನ್ನೂರು ಮೀಟರ್ ಏರಿದ ಹಾಗೆ. ಬುಡದಲ್ಲಿ ಒಂದು, ನಂದಿಯ ಎತ್ತರದಲ್ಲಿ ಒಂದು, ತುದಿಯ ಹತ್ತಿರ ಒಂದು ಅಂತ ಮೂರು ಜಾಗ ಗುರುತು ಮಾಡಿಕೊಂಡೆ. ಎತ್ತರ ಏರಿದ ಹಾಗೆ ಹುಳಗಳೂ ಬದಲಾಗುತ್ತವೆ ಅಂದುಕೊಂಡಿದ್ದೆ. ಹಿಮಾಲಯ, ಆಲ್ಪ್ಸ್‌ನಂಥ ದೊಡ್ಡ ಬೆಟ್ಟಗಳಲ್ಲಿ ಅದು ನಿಜ. ಆಲ್ಪ್ಸ್‌ನಲ್ಲಿ ಡೆಸೋರಿಯಾ ಸಾಲ್ಟನ್ಸ್ ಅನ್ನುವ ಕಪ್ಪು ಚಿಮ್ಮುಹುಳ ಹಿಮದ ಮೇಲೇ ಬದುಕುತ್ತದೆ. ನಮ್ಮ ಬೆಟ್ಟದಲ್ಲಿ ನನಗೆ ಕಂಡದ್ದು ಬೇರೆ. ಎತ್ತರಕ್ಕಿಂತ ನೆರಳು, ತೇವ ಮುಖ್ಯವಾಗಿತ್ತು. ಬಿಸಿಲಿಗೆ ಬಿದ್ದ ಬಂದರಿಕೆ ಪೊದೆಯ ಕೆಳಗೆ ಒಂದು ಬಗೆ. ನಾಲ್ಕೇ ಹೆಜ್ಜೆ ಆಚೆ, ಬಂಡೆಯ ಸಂದಿನ ಕಪ್ಪು ಮಣ್ಣಿನಲ್ಲಿ ಇನ್ನೊಂದು ಬಗೆ.

ಹೋಲಿಸಿ ನೋಡಲು ಮಂಡ್ಯ ಕಡೆಯದ್ದೂ ಬೇಕಿತ್ತು. ಮೇಲುಕೋಟೆಯ ಬೆಟ್ಟದ ತಪ್ಪಲಿನಲ್ಲಿ ನಮ್ಮ ಚಿಕ್ಕಪ್ಪನ ಜಮೀನಿದೆ. ಬದುವಿನ ಹೊಂಗೆ ಮರಗಳ ಕೆಳಗೆ ಮೊಣಕಾಲೂರಿ ತರಗು ತುಂಬುತ್ತಿದ್ದೆ. ಚಿಕ್ಕಪ್ಪ ಬಂದು ನಿಂತರು. “ಏನವ್ವಾ, ತಿಪ್ಪೇಲಿ ಬೇಕಾದಷ್ಟು ಹುಳ ಐತೆ, ಅದ ಬಿಟ್ಟು ಇಲ್ಲೇನ್ ಹುಡುಕ್ತಿದ್ದೀಯಾ?” ಅಂದರು. ಬಿಳಿ ತಟ್ಟೆಯ ಮೇಲೆ ಒಂದು ಹಿಡಿ ತರಗು ಕೊಡವಿ ತೋರಿಸಿದೆ. ಸಾಸಿವೆ ಸಿಡಿದ ಹಾಗೆ ನಾಲ್ಕು ಕಡೆ ಚಿಮ್ಮಿದವು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಅಲ್ಲೇ ಕೂತರು. “ಇವು ಬೆಳೆ ತಿಂತಾವಾ?” ಅಂತ ಕೇಳಿದರು. ಇವುಗಳಲ್ಲಿ ಬಹಳಷ್ಟು ತಿನ್ನುವುದು ಬೂಷ್ಟನ್ನು, ಕೊಳೆತ ಎಲೆಯನ್ನು. ತರಗು ಮಣ್ಣಾಗುವ ಕೆಲಸದಲ್ಲಿ ಇವುಗಳದ್ದೂ ಪಾಲಿದೆ ಅಂದೆ. ಆಮೇಲೆ ಆ ಬದುವಿಗೆ ಅವರು ಬೆಂಕಿ ಹಾಕಿಸಿಲ್ಲ.

ತರಗನ್ನು ಬಟ್ಟೆ ಚೀಲದಲ್ಲೇ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ, ಹುಳಗಳು ಗೋಡೆಗೆ ಅಂಟಿ ಸಾಯುತ್ತವೆ. ನಾನು 25 ಸೆಂಟಿಮೀಟರ್ ಚೌಕದ ಕಂಬಿ ಚೌಕಟ್ಟು ಇಟ್ಟು, ಅದರೊಳಗಿನ ತರಗು ಮಾತ್ರ ತುಂಬುತ್ತೇನೆ. ಆಗ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಬಹುದು. ಮನೆಗೆ ಬಂದ ದಿನವೇ ಆಲಿಕೆಗೆ ಹಾಕಬೇಕು. ಇದು 1905ರಲ್ಲಿ ಇಟಲಿಯ ಅಂಟೋನಿಯೋ ಬರ್ಲೀಸ್ ಕಂಡುಹಿಡಿದ ಉಪಾಯ. ಅವರು ಬಿಸಿನೀರಿನ ಶಾಖ ಬಳಸಿದ್ದರು, ಬಲ್ಬು ಬಳಸುವುದನ್ನು ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ತಂದರು. ದೊಡ್ಡ ಪ್ಲಾಸ್ಟಿಕ್ ಆಲಿಕೆ, ಒಳಗೆ ಎರಡು ಮಿಲಿಮೀಟರ್ ಕಣ್ಣಿನ ಜಾಲರಿ, ಮೇಲೆ ಬಲ್ಬು, ಕೆಳಗೆ ಆಲ್ಕೊಹಾಲ್ ಸೀಸೆ. ಮೇಲಿಂದ ತರಗು ಒಣಗುತ್ತಾ ಬಂದ ಹಾಗೆ ಹುಳಗಳು ತೇವ ಹುಡುಕಿ ಕೆಳಗಿಳಿದು ಸೀಸೆಗೆ ಬೀಳುತ್ತವೆ.

ಇಲ್ಲಿ ನಾನು ಎರಡು ಸಲ ಎಡವಿದೆ. ಮೊದಲ ಸಲ ಎಲ್‌ಇಡಿ ಬಲ್ಬು ಹಾಕಿದೆ. ಅದಕ್ಕೆ ಬೆಳಕಿದೆ, ಸಾಕಷ್ಟು ಶಾಖವಿಲ್ಲ. ಮೂರು ದಿನ ಕಾದರೂ ಸೀಸೆ ಹೆಚ್ಚುಕಮ್ಮಿ ಖಾಲಿ. ಎರಡನೇ ಸಲ ಹಳೇ ಅಂಗಡಿಯೊಂದರಲ್ಲಿ 100 ವ್ಯಾಟಿನ ತಂತಿ ಬಲ್ಬು ಸಿಕ್ಕಿತು, ಅದನ್ನೇ ಹಾಕಿದೆ. ಬೆಳಗಾಗುವಷ್ಟರಲ್ಲಿ ತರಗು ಹಪ್ಪಳದ ಹಾಗಾಗಿತ್ತು. ಬೇಗ ಓಡುವ ಉದ್ದಕಾಲಿನವು ಸೀಸೆಗೆ ಬಂದಿದ್ದವು. ಮೆತ್ತನೆಯ, ನಿಧಾನದ ಹುಳಗಳು ನಡುದಾರಿಯಲ್ಲೇ ಒಣಗಿ ಹೋಗಿದ್ದವು. ಅಂದರೆ ಬಲ್ಬು ಸರಿಯಿಲ್ಲದಿದ್ದರೆ ಯಾವ ಜಾತಿ ಇದೆ, ಯಾವುದಿಲ್ಲ ಅನ್ನುವ ಪಟ್ಟಿಯೇ ಸುಳ್ಳಾಗುತ್ತದೆ. ಈಗ 40 ವ್ಯಾಟ್ ಬಲ್ಬನ್ನು ಒಂದು ಗೇಣು ಮೇಲೆ ಕಟ್ಟಿ, ಐದಾರು ದಿನ ಬಿಡುತ್ತೇನೆ.

ಇನ್ನೊಂದು ನಷ್ಟ ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಕ್ಟೋಬರ್ ಮಳೆಯಲ್ಲಿ ತಂದ ಆರು ಸೀಸೆಗಳಿಗೆ ಜೆಲ್ ಪೆನ್ನಿನಲ್ಲಿ ಚೀಟಿ ಬರೆದು ಒಳಗೆ ಹಾಕಿದ್ದೆ. ವಾರ ಬಿಟ್ಟು ನೋಡಿದರೆ ಆಲ್ಕೊಹಾಲ್ ತಿಳಿನೀಲಿ, ಚೀಟಿ ಬಿಳಿ. ಯಾವುದು ಚಾಮುಂಡಿ ಬೆಟ್ಟದ್ದು, ಯಾವುದು ಮೇಲುಕೋಟೆಯದ್ದು ಅಂತ ಹೇಳುವುದಕ್ಕೆ ದಾರಿಯೇ ಇರಲಿಲ್ಲ. ಸೀಸೆ ತುಂಬ ಚೆಂದದ ಹುಳಗಳಿದ್ದರೂ ಊರು, ತಾರೀಖು ಇಲ್ಲದೆ ಅವು ಲೆಕ್ಕಕ್ಕೆ ಬರುವುದಿಲ್ಲ. ಸಾದಾ ಪೆನ್ಸಿಲ್, ದಪ್ಪ ಕಾಗದ, ಚೀಟಿ ಸೀಸೆಯ ಒಳಗೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.

ಗುರುತಿಸುವ ಕೆಲಸ ದೇಹದ ಆಕಾರದಿಂದ ಶುರು. ದುಂಡಗೆ ಉಂಡೆಯ ಹಾಗಿದ್ದು, ಕಣ್ಣು ಇದ್ದು, ಮೀಸೆ ಉದ್ದ ಇದ್ದರೆ ಸಿಂಫಿಪ್ಲಿಯೋನಾ ಗುಂಪು. ದುಂಡಗಿದ್ದು, ಕಣ್ಣಿಲ್ಲದೆ, ಮೀಸೆ ತಲೆಗಿಂತ ಚಿಕ್ಕದಿದ್ದರೆ ನೀಲಿಪ್ಲಿಯೋನಾ. ಉದ್ದ ದೇಹವಿದ್ದರೆ ತಲೆಯ ಹಿಂದಿನ ಮೊದಲ ಭಾಗ ನೋಡಿ. ಮೇಲಿನಿಂದ ಚೆನ್ನಾಗಿ ಕಂಡು, ಅದರ ಮೇಲೆ ಕೂದಲಿದ್ದರೆ ಪೊಡುರೊಮಾರ್ಫಾ. ಅದು ಕುಗ್ಗಿಹೋಗಿ, ಬೋಳಾಗಿದ್ದರೆ ಎಂಟೊಮೊಬ್ರಿಯೊಮಾರ್ಫಾ. ಇಷ್ಟನ್ನು ಕಾಲೇಜಿನ ಡಿಸೆಕ್ಷನ್ ಮೈಕ್ರೋಸ್ಕೋಪಿನಲ್ಲೇ ಮಾಡಬಹುದು. ನನ್ನ ವಿದ್ಯಾರ್ಥಿಗಳು ಎರಡೇ ವಾರದಲ್ಲಿ ಕಲಿತರು.

ಕಷ್ಟ ಅಲ್ಲಿಂದ ಮುಂದೆ. ನನ್ನ 23ರ ಪಟ್ಟಿಯಲ್ಲಿ ‘ಬೆಳ್ಳಿ ಬಣ್ಣದ್ದು’ ಅಂತ ಒಂದು, ‘ಬಿಳಿಚಿದ್ದು, ನಯ’ ಅಂತ ಇನ್ನೊಂದು ಇತ್ತು. ಒಂದು ಸಂಜೆ ಬೆಳ್ಳಿ ಬಣ್ಣದ್ದನ್ನು ಕುಂಚದಲ್ಲಿ ಹೊರಳಿಸುತ್ತಿದ್ದೆ. ಕುಂಚದ ಕೂದಲ ಮೇಲೆ ಏನೋ ಪುಡಿ ಮಿನುಗಿತು. ಚಿಟ್ಟೆ ಮುಟ್ಟಿದಾಗ ಬೆರಳಿಗೆ ಅಂಟುತ್ತದಲ್ಲ, ಹಾಗೆ. ಇನ್ನೂ ನಾಲ್ಕು ಸಲ ಹೊರಳಿಸಿದೆ. ಕಣ್ಣೆದುರೇ ಬೆಳ್ಳಿ ಹೋಗಿ ‘ಬಿಳಿಚಿದ್ದು, ನಯ’ ಆಯಿತು. ಎರಡೂ ಒಂದೇ! ಮೈಮೇಲಿನ ಹುರುಪೆ ಉದುರಿದ್ದಷ್ಟೇ ವ್ಯತ್ಯಾಸ. ಹುರುಪೆ ಇದೆಯೋ ಇಲ್ಲವೋ ಅನ್ನೋದು ಇಡೀ ಗುರುತಿಸುವಿಕೆಯಲ್ಲಿ ದೊಡ್ಡ ಕವಲು. ಹಾಗಾಗಿ ಈಗ ಹುಳಗಳನ್ನು ಜಾಸ್ತಿ ಅಲುಗಾಡಿಸುವುದಿಲ್ಲ. ಒಂದೆರಡನ್ನು ಜೀವಂತ ಇರುವಾಗಲೇ ಫೋಟೋ ತೆಗೆಯುತ್ತೇನೆ. ಬಣ್ಣವೂ ಆಲ್ಕೊಹಾಲಿನಲ್ಲಿ ಮಾಸುತ್ತದೆ. ಹಳದಿ, ಕೆಂಪು ಬೇಗ ಹೋಗುತ್ತವೆ.

ಉಳಿದ ಸುಳ್ಳು ‘ಜಾತಿ’ಗಳಲ್ಲಿ ಬಹಳಷ್ಟು ಮರಿಗಳಾಗಿದ್ದವು. ಚಿಮ್ಮುಹುಳಕ್ಕೆ ಚಿಟ್ಟೆಯ ಹಾಗೆ ಕಂಬಳಿಹುಳ, ಕೋಶ ಅಂತ ಇಲ್ಲ. ಮರಿ ದೊಡ್ಡದರ ಪುಟ್ಟ ರೂಪವೇ. ಆದರೆ ಬಣ್ಣ ತೆಳು, ಕೂದಲು ಕಡಿಮೆ. ಬೆಳೆದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ.

ಇನ್ನು ಪಂಗಡದ ಹೆಸರು ಹೇಳಬೇಕಾದರೆ ಕವೆಯ ತುದಿ ನೋಡಲೇಬೇಕು. ಹುಳವನ್ನು ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿಟ್ಟು ಸ್ಲೈಡನ್ನು ಮೆಲ್ಲಗೆ ಬೆಚ್ಚಗೆ ಮಾಡಿದರೆ ಮೈ ತಿಳಿಯಾಗುತ್ತದೆ. ಹುರುಪೆ ಇರುವವುಗಳಲ್ಲಿ ನನಗೆ ಹೆಚ್ಚು ಸಿಕ್ಕಿದ್ದು ಸೀರಾ ಮತ್ತು ಲೆಪಿಡೋಸಿರ್ಟಸ್. ಸೀರಾದ ಕವೆಯ ತುದಿ ಕುಡುಗೋಲಿನ ಹಾಗೆ ಒಂದೇ ಕೊಕ್ಕೆ. ಲೆಪಿಡೋಸಿರ್ಟಸ್‌ಗೆ ಎರಡು ಹಲ್ಲು, ಬುಡದಲ್ಲಿ ಒಂದು ಸಣ್ಣ ಮುಳ್ಳು. 400 ಪಟ್ಟು ದೊಡ್ಡದು ಮಾಡಿ, ಫೋಕಸ್ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಾಗ ಆ ಕುಡುಗೋಲು ಮೊದಲ ಸಲ ಕಂಡಿತು. ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಅಟೆಂಡರ್ ಅಣ್ಣನನ್ನು ಕರೆದು ತೋರಿಸಿದೆ.

ಪಂಗಡ ಸಿಕ್ಕಿದರೂ ಜಾತಿಯ ಹೆಸರು ಬೇರೆ ಮಾತು. ಅದಕ್ಕೆ ಬೆನ್ನ ಮೇಲಿನ ಒಂದೊಂದು ಕೂದಲು ಎಲ್ಲೆಲ್ಲಿ ನೆಟ್ಟಿದೆ ಅಂತ ನಕ್ಷೆ ಬರೆಯಬೇಕು. ಎ. ಡಿ. ಇಮ್ಸ್ ಅನ್ನುವವರು 1912ರಲ್ಲೇ ಭಾರತ, ಬರ್ಮಾ, ಸಿಲೋನಿನ ಚಿಮ್ಮುಹುಳಗಳ ಬಗ್ಗೆ ಬರೆದಿದ್ದಾರೆ. ಆ ಕಾಲದ ವಿವರಣೆಗಳಲ್ಲಿ ಬಣ್ಣ, ಆಕಾರ, ಉಗುರಿನ ಮಾತು ಜಾಸ್ತಿ, ಕೂದಲ ನಕ್ಷೆ ಇಲ್ಲ. ಬರೀ ಬಣ್ಣ ಹೊಂದಿತು ಅಂತ ಹಳೇ ಹೆಸರು ಅಂಟಿಸಿದರೆ, ಮುಂದೆ ಬರುವವರಿಗೆ ಅದನ್ನು ಕೀಳುವುದೇ ಕೆಲಸ. ಹಾಗಾಗಿ ನನ್ನ 14ರಲ್ಲಿ ಒಂದಕ್ಕೂ ಜಾತಿಯ ಹೆಸರು ಬರೆದಿಲ್ಲ. ‘ಸೀರಾ, ಬಗೆ 1’, ‘ಸೀರಾ, ಬಗೆ 2’, ಹೀಗೆ ನಿಲ್ಲಿಸಿದ್ದೇನೆ.

ಬಗೆ 2 ನಂದಿಯ ಹತ್ತಿರದ ಬಂಡೆ ಸಂದಿನಲ್ಲಿ ಮಾತ್ರ ಸಿಕ್ಕಿದೆ, ಅದೂ ಮೂರೇ. ಮಾರ್ಚಿನಲ್ಲಿ ಹೋದಾಗ ಅಲ್ಲಿ ಬರೀ ಧೂಳಿತ್ತು. ಮೊನ್ನೆ ರಾತ್ರಿ ಜೋರು ಮಳೆ ಬಂದಿದೆ. ಹತ್ತು ದಿನ ಬಿಟ್ಟು, ತರಗು ಒಳಗಿನವರೆಗೆ ನೆನೆದ ಮೇಲೆ, ಚೌಕಟ್ಟು ತೆಗೆದುಕೊಂಡು ಮತ್ತೆ ಮೆಟ್ಟಿಲು ಹತ್ತುತ್ತೇನೆ. ಚೀಟಿಗಳನ್ನು ಪೆನ್ಸಿಲಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ. ತಾರೀಖಿನ ಜಾಗ ಮಾತ್ರ ಖಾಲಿ ಇದೆ.