ಬೆಳ್ಳಿ ಹತ್ತಿಸಿದ ಜೆಲ್‌ನಲ್ಲಿ ಸಕ್ಕರೆ ಸರಪಳಿ ಓದುವ ಬಗೆ

ಕಿಣ್ವವನ್ನು ಶುದ್ಧೀಕರಿಸಲು ಹೊರಡುವ ಮುನ್ನ ಒಂದು ಜೆಲ್ (ಅಣುಗಳನ್ನು ಗಾತ್ರದ ಪ್ರಕಾರ ವಿದ್ಯುತ್ತಿನಿಂದ ಬೇರ್ಪಡಿಸುವ ಹಾಳೆ) ಓಡಿಸಿ ನೋಡಿ ಎಂದು ನನ್ನ ಎಂಎಸ್ಸಿ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಎಲ್‌ಪಿಎಸ್ (ಲಿಪೊಪಾಲಿಸ್ಯಾಕರೈಡ್, ಅಂದರೆ ಕೊಬ್ಬಿಗೆ ಸಕ್ಕರೆ ಸರಪಳಿ ಅಂಟಿದ) ಅಣುವಿನ ಸಕ್ಕರೆಗಳನ್ನು ಗ್ಲೈಕೋಸಿಲ್‌ಟ್ರಾನ್ಸ್‌ಫರೇಸ್ ಕಿಣ್ವಗಳು ಒಂದೊಂದಾಗಿ ಜೋಡಿಸುತ್ತವೆ. ಹಿಂದಿನದು ಕೂರದೆ ಮುಂದಿನದು ಕೂರುವುದಿಲ್ಲ. ಹಾಗಾಗಿ ಯಾವ ಕಿಣ್ವ ಕೆಟ್ಟಿದೆಯೋ ಅಲ್ಲಿಗೆ ಸರಪಳಿ ಮೊಟಕಾಗುತ್ತದೆ, ಮೊಟಕಾದದ್ದು ಜೆಲ್‌ನಲ್ಲಿ ಕಾಣುತ್ತದೆ.

ನಿಮ್ಮ ತಳಿಯ ಪಕ್ಕದಲ್ಲಿ ಎರಡು ತಳಿಗಳು ಇರಲೇಬೇಕು: ಪೂರ್ಣ ಸರಪಳಿಯ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಮ್ ಎಲ್‌ಟಿ2 ಮತ್ತು ಇ. ಕೋಲಿ ಕೆ-12. ಸಾಲ್ಮೊನೆಲ್ಲಾ ರೋಗಕಾರಕ, ಕೈಗವಸು, ಸುರಕ್ಷತಾ ಕ್ಯಾಬಿನೆಟ್ ಇಲ್ಲದ ಕಡೆ ಅದನ್ನು ಮುಟ್ಟಬೇಡಿ. ಕೆ-12 ಲೇನ್‌ನಲ್ಲಿ (ಜೆಲ್‌ನಲ್ಲಿ ಆ ಮಾದರಿ ಓಡುವ ಸಾಲಿನಲ್ಲಿ) ಕೆಳಗೊಂದು ಪಟ್ಟಿ ಬಿಟ್ಟರೆ ಮೇಲೆಲ್ಲ ಖಾಲಿ. ಹೊಸಬರು ಅದನ್ನು ನೋಡಿ ಜೆಲ್ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಕೆಟ್ಟಿರುವುದು ಜೆಲ್ ಅಲ್ಲ. ರ‍್ಯಾಮ್ನೋಸ್ ಸೇರಿಸುವ ಕಿಣ್ವದ ವಂಶವಾಹಿಯೊಳಗೆ ಐಎಸ್5 ಎಂಬ ಜಿಗಿಯುವ ಡಿಎನ್ಎ ತುಂಡು ಬಂದು ಕುಳಿತಿದೆ. ಆ ಒಂದು ಕಿಣ್ವವನ್ನು ಮರಳಿ ಕೊಟ್ಟರೆ ಕೆ-12 ಕೂಡ ಓ-ಆಂಟಿಜೆನ್ (ಎಲ್‌ಪಿಎಸ್‌ನ ಹೊರತುದಿಯ ಉದ್ದ ಸಕ್ಕರೆ ಸರಪಳಿ) ಕಟ್ಟುತ್ತದೆ.

ಮಾದರಿ ತಯಾರಿಕೆಗೆ 1983ರ ಹಿಚ್‌ಕಾಕ್ ಮತ್ತು ಬ್ರೌನ್ ವಿಧಾನವೇ ಸಾಕು. ಎಲ್ಲ ತಳಿಗಳ ಕೋಶಗಳನ್ನೂ ಒಂದೇ ಸಾಂದ್ರತೆಗೆ ತನ್ನಿ, ಓಡಿ (ಬೆಳಕು ಹಾಯಿಸಿ ಅಳೆಯುವ ದಟ್ಟಣೆ) 0.5ರ ಆಸುಪಾಸು ಸರಿ. 1.5 ಮಿಲಿಲೀಟರ್ ತೆಗೆದುಕೊಂಡು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ, ತಳದ ಗಸಿಯನ್ನು ಎಸ್‌ಡಿಎಸ್ ಎಂಬ ಮಾರ್ಜಕವಿರುವ 50 ಮೈಕ್ರೋಲೀಟರ್ ಬಫರ್‌ನಲ್ಲಿ ಕದಡಿ, 10 ನಿಮಿಷ ಕುದಿಸಿ. ತಣಿದ ಮೇಲೆ ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟಿನೇಸ್-ಕೆ 25 ಮೈಕ್ರೋಗ್ರಾಂ ಹಾಕಿ 60 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಇದನ್ನು ಅವಸರದಲ್ಲಿ ಮುಗಿಸುವವರೇ ಹೆಚ್ಚು. ಪ್ರೋಟೀನ್ ಉಳಿದರೆ ಅದಕ್ಕೂ ಬೆಳ್ಳಿ ಹತ್ತುತ್ತದೆ, ಆಮೇಲೆ ಯಾವುದು ಸಕ್ಕರೆ ಯಾವುದು ಪ್ರೋಟೀನ್ ಎಂದು ತಿಳಿಯದು. ಜೆಲ್ 15 ಶೇಕಡಾ ಇರಲಿ. ಒಂದೆರಡು ಸಕ್ಕರೆಗಳ ವ್ಯತ್ಯಾಸ ಹುಡುಕುವುದಾದರೆ ಟ್ರೈಸೀನ್ ಜೆಲ್ ಇನ್ನೂ ಒಳ್ಳೆಯದು.

ಬಣ್ಣಕ್ಕೆ ಮುನ್ನ 0.7 ಶೇಕಡಾ ಪೀರಿಯೋಡಿಕ್ ಆಮ್ಲದಲ್ಲಿ ಐದು ನಿಮಿಷ. ಅದು ಸಕ್ಕರೆಯಲ್ಲಿ ಅಕ್ಕಪಕ್ಕ ಹೈಡ್ರಾಕ್ಸಿಲ್ ಇರುವ ಇಂಗಾಲಗಳ ನಡುವಿನ ಬಂಧವನ್ನು ಕತ್ತರಿಸಿ ಆಲ್ಡಿಹೈಡ್ ಮಾಡುತ್ತದೆ, ಬೆಳ್ಳಿ ಕೂರುವುದು ಅಲ್ಲೇ. ನೀರು ಬದಲಿಸುತ್ತಾ ಚೆನ್ನಾಗಿ ತೊಳೆಯಿರಿ. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣವನ್ನು ಆಗಿಂದಾಗಲೇ ಮಾಡಿ, ಕೆಲಸ ಮುಗಿದ ಕೂಡಲೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬೆಳ್ಳಿಯನ್ನು ಗಸಿಯಾಗಿಸಿ. ಬಾಟಲಿಯಲ್ಲಿ ಒಣಗಲು ಬಿಟ್ಟರೆ ಸ್ಫೋಟಿಸಬಹುದು; ಈ ವಿಷಯದಲ್ಲಿ ನನಗೆ ಸ್ವಲ್ಪವೂ ದಾಕ್ಷಿಣ್ಯವಿಲ್ಲ. ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಪಟ್ಟಿಗಳು ಮೂಡುತ್ತಿದ್ದಂತೆ ಕಣ್ಣು ಕೀಳದೆ ನೋಡಿ, ಹಿನ್ನೆಲೆ ಹಳದಿಗೆ ತಿರುಗುವ ಮೊದಲೇ ಅಸಿಟಿಕ್ ಆಮ್ಲಕ್ಕೆ ಹಾಕಿ.

ಓದುವುದು ಕೆಳಗಿನಿಂದ. ತಳದ ದಟ್ಟ ಪಟ್ಟಿ ಲಿಪಿಡ್-ಎ (ಅಣುವಿನ ಕೊಬ್ಬಿನ ತಳ) ಮತ್ತು ಕೋರ್ (ಅದಕ್ಕಂಟಿದ ಮೊದಲ ಸಕ್ಕರೆಗಳ ಭಾಗ). ಅದರ ಮೇಲೆ ಎಲ್‌ಟಿ2ನಲ್ಲಿ ಏಣಿಯ ಮೆಟ್ಟಿಲುಗಳಂತೆ ಪಟ್ಟಿಗಳು ಸಾಗುತ್ತವೆ. ಒಂದೊಂದು ಮೆಟ್ಟಿಲೂ ಗ್ಯಾಲಕ್ಟೋಸ್, ರ‍್ಯಾಮ್ನೋಸ್, ಮ್ಯಾನೋಸ್, ಅಬೆಕ್ವೋಸ್ ಸೇರಿದ ಒಂದು ಘಟಕ. ತಳದ ಪಟ್ಟಿಯೇ ಕೆಳಗೆ ಜಾರಿದ್ದರೆ ದೋಷ ಕೋರ್‌ನಲ್ಲಿದೆ. ಕೋರ್‌ಗೆ ಮೊದಲ ಹೆಪ್ಟೋಸ್ ಸಕ್ಕರೆ ಕೂರಿಸುವ ವಾ-ಸಿ ಕಿಣ್ವ ಇಲ್ಲದ ತಳಿಯಲ್ಲಿ ಅದು ಎಲ್ಲಕ್ಕಿಂತ ಕೆಳಗಿರುತ್ತದೆ. ಅಂಥ ತಳಿ ಪಿತ್ತ ಲವಣವಿರುವ ಮೆಕಾಂಕಿ ಅಗರ್ ಮೇಲೆ ಬೆಳೆಯಲೂ ತಿಣುಕುತ್ತದೆ. ಕೋರ್ ಪಟ್ಟಿಯ ಮೇಲೆ ಒಂದೇ ಮೆಟ್ಟಿಲಿದ್ದರೆ ಘಟಕಗಳನ್ನು ಪೋಣಿಸುವ ಡಬ್ಲ್ಯೂ-ಜೆಡ್-ವೈ ಹೋಗಿದೆ. ಮೆಟ್ಟಿಲುಗಳೆಲ್ಲ ಇದ್ದೂ ಉದ್ದ ಸರಪಳಿಗಳ ಗುಂಪು ಮಾತ್ರ ಚದುರಿದ್ದರೆ ಉದ್ದವನ್ನು ನಿಯಂತ್ರಿಸುವ ಡಬ್ಲ್ಯೂ-ಜೆಡ್-ಜೆಡ್ ಮೇಲೆ ಅನುಮಾನಪಡಿ.

ಎಲ್ಲ ಮೊಟಕುಗಳಿಗೂ ಟ್ರಾನ್ಸ್‌ಫರೇಸ್ ಕಾರಣವಲ್ಲ. ಕಿಣ್ವ ಗಟ್ಟಿಯಾಗಿದ್ದೂ ಸಕ್ಕರೆ ಸಿಗದಿರಬಹುದು. ಗ್ಯಾಲ್-ಇ ವಂಶವಾಹಿ ಕೆಟ್ಟ ಸಾಲ್ಮೊನೆಲ್ಲಾಗೆ ಯುಡಿಪಿ-ಗ್ಲೂಕೋಸನ್ನು ಯುಡಿಪಿ-ಗ್ಯಾಲಕ್ಟೋಸ್ (ಟ್ರಾನ್ಸ್‌ಫರೇಸ್ ಬಳಸುವ ಸಿದ್ಧರೂಪದ ಗ್ಯಾಲಕ್ಟೋಸ್) ಮಾಡಲು ಬಾರದು, ಕೋರ್ ಅರ್ಧಕ್ಕೇ ನಿಲ್ಲುತ್ತದೆ. ಪರೀಕ್ಷೆ ಸುಲಭ: ಅದೇ ತಳಿಯನ್ನು ಗ್ಯಾಲಕ್ಟೋಸ್ ಇಲ್ಲದ ಮಾಧ್ಯಮದಲ್ಲೂ ಚೂರು ಗ್ಯಾಲಕ್ಟೋಸ್ ಹಾಕಿದ ಮಾಧ್ಯಮದಲ್ಲೂ ಬೆಳೆಸಿ, ಅಕ್ಕಪಕ್ಕ ಓಡಿಸಿ. ಎರಡನೆಯ ಲೇನ್‌ನಲ್ಲಿ ಏಣಿ ಮರಳಿದರೆ ಟ್ರಾನ್ಸ್‌ಫರೇಸ್ ನಿರಪರಾಧಿ. ಧಾರಾಳವಾಗಿ ಹಾಕಬೇಡಿ, ಗ್ಯಾಲಕ್ಟೋಸ್ ಹೆಚ್ಚಾದರೆ ಈ ಕೋಶಗಳು ಒಡೆಯುತ್ತವೆ. ಮೇರಿ ಜೇನ್ ಆಸ್ಬಾರ್ನ್ ಮತ್ತು ಸಂಗಡಿಗರು 1962ರಲ್ಲಿ ಕೋರ್‌ಗೆ ಗ್ಯಾಲಕ್ಟೋಸ್ ಸೇರುವುದನ್ನು ಪ್ರಯೋಗನಳಿಕೆಯಲ್ಲಿ ತೋರಿಸಿದ್ದು ಇಂಥ ಅರೆಕಟ್ಟಿದ ಎಲ್‌ಪಿಎಸ್ ಮೇಲೆಯೇ.

ಜೆಲ್ ಹೇಳಲಾರದ್ದೂ ಉಂಟು. ಕೋರ್ ಪೂರ್ಣವಾಗಿದ್ದು ಮೆಟ್ಟಿಲು ಒಂದೂ ಇಲ್ಲದಿದ್ದರೆ, ಓ-ಆಂಟಿಜೆನ್‌ನ ಮೊದಲ ಸಕ್ಕರೆ ಕೂರಿಸುವ ಕಿಣ್ವ ಹೋಗಿರಬಹುದು, ಸರಪಳಿಯನ್ನು ಕೋರ್‌ಗೆ ಅಂಟಿಸುವ ವಾ-ಎಲ್ ಕೂಡ ಹೋಗಿರಬಹುದು. ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆಗ ಒಂದೊಂದೇ ವಂಶವಾಹಿಯನ್ನು ಪ್ಲಾಸ್ಮಿಡ್ (ಕೋಶಕ್ಕೆ ಹಾಕುವ ಪುಟ್ಟ ಡಿಎನ್ಎ ಉಂಗುರ) ಮೇಲೆ ಕೊಟ್ಟು ಮತ್ತೆ ಜೆಲ್ ಓಡಿಸಿ. ಪಕ್ಕದ ಲೇನ್‌ನಲ್ಲಿ ಖಾಲಿ ಪ್ಲಾಸ್ಮಿಡ್ ಹೊತ್ತ ಅದೇ ತಳಿ ಇರಲಿ.