ಮುಚ್ಚುವ ಕೈ ಗುರುತು ಬರೆಯಲು ಕಲಿತದ್ದು

ಬಿಗಿಯಾದ ಬಟ್ಟೆ ಚರ್ಮದ ಮೇಲೆ ಬಿಟ್ಟುಹೋಗುವಂಥ ಗುರುತನ್ನು ಮೇಕಪ್ಪಿನಿಂದಲೇ ಬರೆಯುವುದು ಆಗದ ಕೆಲಸ ಎಂದು, ಮೇಕಪ್ಪನ್ನೇ ಕಸುಬು ಮಾಡಿಕೊಂಡ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಪ್ರಾಸ್ಥೆಟಿಕ್, ಅಂದರೆ ಮೈಗೆ ಅಂಟಿಸುವ ನಕಲಿ ಚರ್ಮ ಮಾಡುವ ಗೆಳೆಯರೊಬ್ಬರು "ಸಿಲಿಕೋನ್ ಇಲ್ಲದೆ ಚರ್ಮದಲ್ಲಿ ತಗ್ಗು ತೋರಿಸೋಕೆ ಆಗಲ್ಲ, ಸುಮ್ಮನೆ ಕಾಲ ಕಳೀಬೇಡಿ" ಎಂದರು. ಮದುವೆ ಸೀಸನ್ನಿನಲ್ಲಿ ಜೊತೆಗೆ ಕೆಲಸ ಮಾಡುವ ಇನ್ನೊಬ್ಬರು "ಇರೋ ಗುರುತು ಮುಚ್ಚಿದರೆ ದುಡ್ಡು ಕೊಡ್ತಾರೆ, ಇಲ್ಲದ ಗುರುತು ಬರೆದರೆ ಯಾರು ಕೊಡ್ತಾರೆ?" ಎಂದು ಕೇಳಿದರು. ಹತ್ತಿರ ಹತ್ತಿರ 14 ತಿಂಗಳು ಒದ್ದಾಡಿದ ಮೇಲೆ ಅದು ಕೈಗೆ ಹತ್ತಿತು. 22 ಚಿತ್ರಗಳ ಸರಣಿಯಲ್ಲಿ 15ರಲ್ಲೋ 16ರಲ್ಲೋ ಇರುವುದು ನಾನು ಬರೆದ ಗುರುತು. ಯಾವುದು ನಿಜ, ಯಾವುದು ಬರೆದದ್ದು ಎಂದು ಆ ಪ್ರಾಸ್ಥೆಟಿಕ್ ಗೆಳೆಯರಿಗೂ ಹೇಳಲಾಗಲಿಲ್ಲ.

ಕೆಲಸ ಇಷ್ಟು. ಒಬ್ಬ ಸ್ತ್ರೀವಾದಿ ಕಲಾವಿದೆ ಮತ್ತು ಅವರ ಗೆಳತಿ ಫೋಟೋಗ್ರಾಫರ್ ಸೇರಿ, ಬಟ್ಟೆ ಹೆಣ್ಣಿನ ಮೈಮೇಲೆ ಬಿಟ್ಟುಹೋಗುವ ಗುರುತುಗಳನ್ನೇ ಚಿತ್ರ ಮಾಡಬೇಕೆಂದಿದ್ದರು. ಬ್ರಾ ಪಟ್ಟಿ ಭುಜದಲ್ಲಿ ಕೊರೆದ ಗೆರೆ, ಸೊಂಟದ ಸುತ್ತ ಇಲಾಸ್ಟಿಕ್ಕಿನ ಹಲ್ಲು, ಹಿಮ್ಮಡಿಯಲ್ಲಿ ಶೂ ಅಂಚು ಕಚ್ಚಿದ ಜಾಗ, ಮೂಗಿನ ಎರಡೂ ಬದಿ ಕನ್ನಡಕದ ಕುಳಿ. ದಿನವೆಲ್ಲ ಮೈಯನ್ನು ಬಿಗಿದು ಹಿಡಿದದ್ದು ಸಂಜೆ ಬಟ್ಟೆ ಬಿಚ್ಚಿದಾಗ ಅವಳೊಬ್ಬಳಿಗೇ ಕಾಣುತ್ತದೆ, ಆಮೇಲೆ ಮಾಸಿಹೋಗುತ್ತದೆ. ನಮಗೆ ಕಷ್ಟವಾದದ್ದೇ ಅಲ್ಲಿ. ನಿಜವಾದ ಗುರುತು 20 ನಿಮಿಷಕ್ಕೆಲ್ಲ ತಿಳಿಯಾಗತೊಡಗುತ್ತದೆ. ಇವರದ್ದು 4×5 ಇಂಚಿನ ಫಿಲ್ಮ್ ಶೀಟಿನ ದೊಡ್ಡ ಕ್ಯಾಮೆರಾ, ಒಂದು ಫ್ರೇಮಿಗೆ ಬೆಳಕು, ಫೋಕಸ್ ಕೂರಿಸಲು ಮುಕ್ಕಾಲು ಗಂಟೆ ಬೇಕು. ಪ್ರಿಂಟ್ ಆಳೆತ್ತರಕ್ಕೆ ಹೋಗಬೇಕು, ಅದಕ್ಕೆ ಚಿಕ್ಕ ಕ್ಯಾಮೆರಾ ಬೇಡವೆಂದು ಹಟ.

ಮೊದಲ ಭೇಟಿಯಲ್ಲೇ ಕಲಾವಿದೆಗೂ ನನಗೂ ಜಗಳವಾಯಿತು. ಅವರು ತೋರಿಸಿದ ಹಳೆಯ ಕೃತಿಗಳು ನನ್ನನ್ನು ಚುಚ್ಚಿದವು. 1972ರಲ್ಲಿ ಸ್ತ್ರೀವಾದಿ ಕಲಾವಿದೆಯರು ಇಡೀ ಮನೆಯನ್ನೇ ಕೃತಿಯಾಗಿಸಿದ ಲಾಸ್ ಏಂಜಲೀಸಿನ 'ವುಮನ್‌ಹೌಸ್'ನ ಒಂದು ಕೋಣೆಯಲ್ಲಿ ಹೆಂಗಸೊಬ್ಬಳು ಕನ್ನಡಿಯ ಮುಂದೆ ಕೂತು ಮೇಕಪ್ ಹಚ್ಚುತ್ತಾಳೆ, ಒರೆಸುತ್ತಾಳೆ, ಮತ್ತೆ ಹಚ್ಚುತ್ತಾಳೆ. 1974ರಲ್ಲಿ ಅಮೆರಿಕದ ಕಲಾವಿದೆ ಮಾರ್ಥಾ ವಿಲ್ಸನ್ ಮೇಕಪ್ಪಿನಿಂದಲೇ ತನ್ನ ಮುಖವನ್ನು ಒಮ್ಮೆ ಪರಿಪೂರ್ಣವಾಗಿಯೂ ಒಮ್ಮೆ ವಿಕಾರವಾಗಿಯೂ ಮಾಡಿಕೊಳ್ಳುತ್ತಾರೆ. ಕ್ರೊಯೇಷಿಯಾದ ಕಲಾವಿದೆ ಸಾನ್ಯಾ ಇವೆಕೊವಿಚ್ ಅವರ ಎಪ್ಪತ್ತರ ದಶಕದ ವಿಡಿಯೋದಲ್ಲಂತೂ ಮುಖವೇ ಇಲ್ಲ, ಲಿಪ್‌ಸ್ಟಿಕ್ಕನ್ನೂ ಪೆನ್ಸಿಲನ್ನೂ ಹಿಡಿದು ಆಡುವ ಕೈಗಳು ಮಾತ್ರ. ದೊಡ್ಡ ಕೃತಿಗಳೇ, ಒಪ್ಪುತ್ತೇನೆ. ಆದರೆ ಒಂದಾದ ಮೇಲೊಂದು ನೋಡುತ್ತ ಹೋದಂತೆ ಕಟಕಟೆಯಲ್ಲಿ ನಿಂತಿರುವುದು ನನ್ನ ಕಸುಬೇ ಅನ್ನಿಸಿತು. "ನನ್ನ ಕುರ್ಚಿಯಲ್ಲಿ ಕೂರುವವರೆಲ್ಲ ಮೋಸಹೋದವರಲ್ಲ, ನನ್ನ ಮನೆ ನಡೆಯೋದೂ ಇದರಿಂದಲೇ" ಎಂದುಬಿಟ್ಟೆ. ಅವರು ವಾದ ಮಾಡಲಿಲ್ಲ. "ಇವತ್ತು ಬೆಳಿಗ್ಗೆಯಿಂದ ಎಷ್ಟು ಗುರುತು ಮುಚ್ಚಿದ್ದೀರಿ?" ಎಂದು ಕೇಳಿದರು. ಐದು ಜನರಿಗೆ ಮೇಕಪ್ ಮಾಡಿ ಬಂದಿದ್ದೆ. ಮೊಡವೆ ಕಲೆ, ಕಣ್ಣಿನ ಕೆಳಗಿನ ಕಪ್ಪು, ಕನ್ನಡಕದ ಕುಳಿ ಎಂದು ಎಣಿಸುತ್ತ ಮೂವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. "ಮುಚ್ಚೋದಕ್ಕೆ ಇಷ್ಟು ಹತ್ತಿರದಿಂದ ನೋಡಿದವರಿಗೆ ಬರೆಯೋಕೂ ಬರಬೇಕಲ್ಲ" ಎಂದರು. ಆ ಮಾತಿಗೇ ನಾನು ಒಪ್ಪಿಕೊಂಡದ್ದು.

ಸೋತದ್ದನ್ನು ಹೇಳುತ್ತೇನೆ, ಬೇರೆಯವರ ದುಡ್ಡಾದರೂ ಉಳಿಯಲಿ.

ಮೊದಲು ಆಲ್ಕೋಹಾಲ್ ಪ್ಯಾಲೆಟ್, ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚುವ ಬಣ್ಣಗಳು. ಕೆಂಪು, ನೇರಳೆ, ಸ್ವಲ್ಪ ಕಂದು, ತೆಳ್ಳಗೆ ನಾಲ್ಕೈದು ಪದರ. ಎದುರಿಗೆ ನಿಂತು ನೋಡಿದರೆ ಅಚ್ಚುಕಟ್ಟು, ನೆಗೆಟಿವ್‌ನಲ್ಲಿ ಪೆನ್ನಿನಿಂದ ಗೀಚಿದ ಗೆರೆ. ಆಮೇಲೆ ನಕಲಿ ಗಾಯ ಮಾಡುವ ಮೇಣ, ಸ್ಕಾರ್ ವ್ಯಾಕ್ಸ್ ತಂದು ಗೆರೆಯ ಎರಡು ಬದಿ ಏರಿಸಿದೆ. ಬೆನ್ನು ಉಸಿರಾಡುತ್ತದೆ ಎನ್ನುವುದನ್ನು ಮರೆತಿದ್ದೆ. ಹತ್ತು ನಿಮಿಷಕ್ಕೆ ಬಿರುಕು, ದೀಪದ ಬಿಸಿಗೆ ಜಾರಿಕೆ. ರಿಜಿಡ್ ಕೊಲೋಡಿಯನ್ ಎನ್ನುವ ದ್ರವ ಒಣಗುವಾಗ ಚರ್ಮವನ್ನು ಎಳೆದು ನಿಜವಾದ ತಗ್ಗನ್ನೇ ಮಾಡುತ್ತದೆ, ನೋಡಲು ಅದ್ಭುತ. ಆದರೆ ನನ್ನ ತೋಳಿನ ಮೇಲೆ ದಿನವೂ ಹಾಕಿ ಪರೀಕ್ಷಿಸಿದಾಗ ಮೂರನೇ ದಿನಕ್ಕೆ ಚರ್ಮ ಕೆಂಪಾಗಿ ಉರಿಯತೊಡಗಿತು. ಮೈಯನ್ನು ಬಿಗಿದದ್ದರ ಬಗ್ಗೆ ಚಿತ್ರ ಮಾಡಲು ಇನ್ನೊಬ್ಬಳ ಮೈ ಸುಡುವುದು ಸಾಧ್ಯವಿಲ್ಲ. ಬಾಟಲಿ ಎತ್ತಿಟ್ಟೆ.

ಸಿಲಿಕೋನಿನಲ್ಲಿ ಮುಳುಗಿದ್ದು ದೊಡ್ಡ ಮುಳುಗು. ಬಟ್ಟೆ ಬಿಚ್ಚಿದ ಕೂಡಲೇ ಅಚ್ಚು ತೆಗೆಯುವ ಮೆತ್ತನೆ ಲೇಪ ಆಲ್ಜಿನೇಟ್ ಹಚ್ಚಿ, ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಕಟ್ಟಿ ಅಚ್ಚು ತೆಗೆದೆ. ಗುರುತು ಕೂದಲೆಳೆಯಷ್ಟೂ ತಪ್ಪದೆ ಬಂತು, ನೋಡಿ ಕುಣಿದೆ. ಆದರೆ ತಗ್ಗಿನ ಆಳ ಒಂದು ಮಿಲಿಮೀಟರೂ ಇಲ್ಲ. ಅದನ್ನು ತೋರಿಸಲು ಸುತ್ತಲಿನ ಚರ್ಮವನ್ನೆಲ್ಲ ಎತ್ತರಿಸಬೇಕು, ಎತ್ತರಿಸಿದ್ದರ ಅಂಚನ್ನು ಅಂಗೈಯಗಲ ಆಚೆಗೆ ತಂದು ಮಾಯ ಮಾಡಬೇಕು. ಏಳು ಅಚ್ಚಿನಲ್ಲಿ ಬಳಸುವಂಥ ತುಂಡು ಬಂದದ್ದು ಮೂರು. ಆ ಮೂರರ ಅಂಚೂ ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಸಿಕ್ಕಿಬಿತ್ತು. ಒಂದು ತುಂಡು ಒಂದೇ ಸಲಕ್ಕೆ. ಮೂರು ತಿಂಗಳು ಕೂಡಿಟ್ಟದ್ದೆಲ್ಲ ಅಲ್ಲಿ ಹೋಯಿತು, ಆ ಸೀಸನ್ನಿಗೆ ಕೊಳ್ಳಬೇಕೆಂದಿದ್ದ ಏರ್‌ಬ್ರಶ್ ಕಂಪ್ರೆಸರ್ ಮುಂದಕ್ಕೆ ಹೋಯಿತು. ಮನೆಯಲ್ಲಿ ಯಾರೂ ಬಯ್ಯಲಿಲ್ಲ, ಅದೇ ಹೆಚ್ಚು ನೋಯಿಸಿತು.

ನಡುವೆ ಒಂದು ಅಡ್ಡದಾರಿ. ಫೋಟೋಗ್ರಾಫರ್ ಹತ್ತಿರ ಆರ್ಥೋಕ್ರೊಮ್ಯಾಟಿಕ್ ಕಪ್ಪು-ಬಿಳುಪು ಫಿಲ್ಮಿನ ಒಂದು ಪೆಟ್ಟಿಗೆ ಇತ್ತು. ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತದೆ. ಮೂಕಿಚಿತ್ರಗಳ ಕಾಲದ ನಟಿಯರ ತುಟಿ ಅಷ್ಟು ಕಪ್ಪಗೆ ಕಾಣುವುದಕ್ಕೂ, ಆಗಿನ ಮೇಕಪ್ಪಿನ ಬಣ್ಣಗಳೇ ಬೇರೆ ಇದ್ದದ್ದಕ್ಕೂ ಇದೇ ಕಾರಣ. ಹಾಗಾದರೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳು ಕೆಂಪು ಹಚ್ಚಿದರೆ ಫಿಲ್ಮೇ ಅದನ್ನು ಆಳ ಮಾಡಿಕೊಡಬೇಕಲ್ಲ! ಬಿಳಿ ಚರ್ಮದ ಮಾಡೆಲ್ ಮೇಲೆ ಮಾಡಿದೆವು. ಪ್ರಿಂಟ್ ನೋಡಿ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೇ ದಿನ ಕಪ್ಪು ಮೈಬಣ್ಣದ ಮಾಡೆಲ್ ಬಂದರು. ಅವರ ಇಡೀ ಬೆನ್ನು ಒಂದೇ ಕತ್ತಲೆಯಾಗಿ ಬಿದ್ದಿತ್ತು, ಗುರುತಿನ ಸುಳಿವಿಲ್ಲ.

"ಬಿಳಿ ಮೈಯ ಗುರುತು ಮಾತ್ರ ಕಾಣೋ ವಿಧಾನ ನನಗೆ ಬೇಡ" ಎಂದರು ಕಲಾವಿದೆ. ಕೊಡಾಕ್ ಕಂಪನಿಯ 'ಶರ್ಲಿ ಕಾರ್ಡ್' ಬಗ್ಗೆ ಹೇಳಿದ್ದೂ ಆಗಲೇ. ಕಲರ್ ಪ್ರಿಂಟಿನ ಬಣ್ಣ ಸರಿಯಿದೆಯೇ ಎಂದು ನೋಡಲು ಲ್ಯಾಬುಗಳು ದಶಕಗಳ ಕಾಲ ಬಿಳಿ ಹೆಂಗಸೊಬ್ಬಳ ಫೋಟೋ ಇಟ್ಟುಕೊಳ್ಳುತ್ತಿದ್ದವು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ ಎಂದು ಲೆಕ್ಕ. ಮನೆಗೆ ಬಂದು ನನ್ನ ಕಿಟ್ ತೆಗೆದು ನೋಡಿದೆ. ಫೌಂಡೇಶನ್ ಬಾಟಲಿಗಳಲ್ಲಿ ತಿಳಿ ಬಣ್ಣದವು ಹದಿನಾರು, ಗಾಢವಾದವು ನಾಲ್ಕು. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ದಾರಿ ತೋರಿಸಿದ್ದು ಒಬ್ಬ ಹಿರಿಯರು. ಅರವತ್ತು ದಾಟಿದವರು, ಸರಣಿಗೆ ತಾವಾಗಿಯೇ ಬಂದವರು. ನಲವತ್ತು ವರ್ಷ ಹೊತ್ತ ಬ್ರಾ ಪಟ್ಟಿ ಅವರ ಎರಡೂ ಭುಜದಲ್ಲಿ ಮಾಸದ ಕಾಲುವೆ ತೋಡಿತ್ತು. "ನನಗೆ ನಿನ್ನ ಬಣ್ಣ ಬೇಡಮ್ಮ, ಇದು ಹೋಗೋದಿಲ್ಲ" ಎಂದು ಕಿಟಕಿಯ ಪಕ್ಕ ಕೂತು ಭುಜಕ್ಕೆ ಲೋಷನ್ ಸವರಿಕೊಳ್ಳುತ್ತಿದ್ದರು. ನಾನು ಬದಿಯಿಂದ ನೋಡುತ್ತಿದ್ದೆ. ಗಾಢ ಮೈಬಣ್ಣ. ಭುಜದ ಮೇಲೆ ಹೊಳಪು ಹರಿದು ಬಂದು, ಕಾಲುವೆಯ ಹತ್ತಿರ ನಿಂತು, ಆಚೆ ದಡದಲ್ಲಿ ಮತ್ತೆ ಶುರುವಾಗುತ್ತಿತ್ತು. ಅಲ್ಲಿ ಬೇರೆ ಬಣ್ಣವೇ ಇರಲಿಲ್ಲ, ಕಪ್ಪು ನೆರಳೂ ಇರಲಿಲ್ಲ. ಹೊಳಪು ತುಂಡಾದ ಜಾಗವನ್ನು ನನ್ನ ಕಣ್ಣು ತಗ್ಗು ಎಂದು ಓದುತ್ತಿತ್ತು.

ಹಾಗಾದರೆ ಬಣ್ಣವೇ ಬೇಡ. ಗೆರೆಯನ್ನು ಮ್ಯಾಟ್, ಅಂದರೆ ಹೊಳಪಿಲ್ಲದಂತೆ ಮಾಡಿ ದಡಕ್ಕೆ ಹೊಳಪು ಕೊಟ್ಟರೆ ಸಾಕು.

ಕೇಳಲು ಸುಲಭ, ಕೈಗೆ ಕೂರಲು ನಾಲ್ಕು ತಿಂಗಳು ಬೇಕಾಯಿತು. ಗೆರೆಗೆ ಮೊದಲು ಸಿಲಿಕಾದ ಬಿಳಿ ಟ್ರಾನ್ಸ್‌ಲೂಸೆಂಟ್ ಪೌಡರ್ ಹಾಕಿದೆ, ಫ್ಲ್ಯಾಶಿಗೆ ಸುಣ್ಣ ಬಳಿದಂತೆ ಬಂತು. ಮೈಬಣ್ಣಕ್ಕೇ ಹೊಂದುವ ಪ್ರೆಸ್ಡ್ ಪೌಡರ್ ಹಿಡಿದ ಮೇಲೆ ಸರಿಹೋಯಿತು. ಇನ್ನೊಂದು, ಎರಡೂ ದಡಕ್ಕೆ ಸಮ ಹೊಳಪು ಕೊಡುವಂತಿಲ್ಲ. ದೀಪಕ್ಕೆ ದೂರದ ದಡ ಬೆಳಕಿಗೆ ಮುಖ ಮಾಡಿರುತ್ತದೆ, ಅಲ್ಲಿ ಗಟ್ಟಿ ಹೊಳಪು. ದೀಪದ ಕಡೆಯ ದಡಕ್ಕೆ ಹೆಸರಿಗಷ್ಟೇ. ಇದು ಗೊತ್ತಾದದ್ದು ಒಂದು ಇಡೀ ದಿನದ ಶೂಟ್ ಕಳೆದುಕೊಂಡು. ಎರಡನೇ ಫ್ರೇಮಿಗೆ ಫೋಟೋಗ್ರಾಫರ್ ದೀಪವನ್ನು ಎಡದಿಂದ ಬಲಕ್ಕೆ ತಂದರು, ನಾನು ಮೇಕಪ್ ಬದಲಿಸಲಿಲ್ಲ. ನೆಗೆಟಿವ್ ತೊಳೆದು ನೋಡಿದರೆ ಭುಜದ ಮೇಲೆ ತಗ್ಗಿನ ಬದಲು ಹಗ್ಗ ಮಲಗಿಸಿದಂತೆ ಉಬ್ಬು! ಅಂದಿನಿಂದ ನಮ್ಮಲ್ಲಿ ಕಟ್ಟುನಿಟ್ಟು: ದೀಪ ಅಲುಗಿದರೆ ಗುರುತನ್ನು ಒರೆಸಿ ಮೊದಲಿನಿಂದ ಬರೆಯಬೇಕು. ಇನ್ನೊಂದು ಸಲ ಅವರು ಅಭ್ಯಾಸಬಲದಿಂದ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದ್ದರು. ಚರ್ಮದ ಹೊಳಪು ಕಡಿಮೆ ಮಾಡುವುದೇ ಅದರ ಕೆಲಸ. ಆರು ಶೀಟ್ ಫಿಲ್ಮಿನಲ್ಲಿ ನನ್ನ ಅರ್ಧ ಕೆಲಸ ಅಳಿಸಿಹೋಗಿತ್ತು.

ಬೆಳಕಿನ ಬಗ್ಗೆ ನಾನೂ ಮಾತಾಡಬೇಕಾಗಿ ಬಂದದ್ದು ಹೀಗೆ. ಮೇಕಪ್ಪಿನವರು ಬೆಳಕಿನ ವಿಷಯಕ್ಕೆ ಬಾಯಿ ಹಾಕಬಾರದು ಎನ್ನುವ ಸ್ಟುಡಿಯೋಗಳಲ್ಲೇ ನಾನು ಬೆಳೆದದ್ದು. ಇಲ್ಲಿ ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್ ಬಾಕ್ಸ್ ತೆಗೆಸಿದೆ, ನೆರಳು ತುಂಬುವ ಮುಂದಿನ ಫಿಲ್ ಲೈಟ್ ಆರಿಸಿದೆ, ಬದಿಯಿಂದ ಸ್ವಲ್ಪ ಹಿಂದಕ್ಕೆ ಒಂದೇ ದೀಪ, ಎದುರು ಬದಿಗೆ ಕಪ್ಪು ಬಟ್ಟೆ. ಫೋಟೋಗ್ರಾಫರ್ ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಅವರೇ "ಇಲ್ಲಿ ನಿಲ್ಲಿಸಲಾ?" ಎಂದು ಕೇಳತೊಡಗಿದರು. ಈ ಒಂದು ಪ್ರಶ್ನೆಗಾಗಿ 14 ತಿಂಗಳನ್ನು ಇನ್ನೊಮ್ಮೆ ಬೇಕಾದರೂ ಕೊಡುತ್ತೇನೆ.

ಹೊಳಪಿಗೆ ಬಳಸುವುದು ಎರಡು ವಸ್ತುಗಳ ಮಿಶ್ರಣ. ಒಂದು ಗ್ಲಿಸರಿನ್. ಇನ್ನೊಂದನ್ನೂ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ದಡ ಎಳೆಯುವ ಸಾಧನ ಬ್ರಶ್ ಅಲ್ಲ ಎಂದಷ್ಟೇ ಹೇಳುತ್ತೇನೆ. ಇಲಾಸ್ಟಿಕ್ಕಿನ ಹಲ್ಲುಗುರುತಿನ ಉಪಾಯ ಮಾತ್ರ ಧಾರಾಳವಾಗಿ ಕೊಡುತ್ತೇನೆ. ಮ್ಯಾಟ್ ಮಾಡಿದ ಪಟ್ಟಿಯ ಮೇಲೆ, ಅದೇ ಮಾಡೆಲ್ ಉಡುವ ಹಳೆಯ ಬಟ್ಟೆಯ ಇಲಾಸ್ಟಿಕ್ಕಿಗೆ ಹೊಳಪು ಸವರಿ ಸೀಲಿನಂತೆ ಒಂದೇ ಸಲ ಒತ್ತಿ. ಹೊಸ ಇಲಾಸ್ಟಿಕ್ ಬೇಡ, ಅದರ ಹಲ್ಲು ತೀರಾ ಚೂಪು, ಸುಳ್ಳು ಹೇಳಿದಂತೆ ಕಾಣುತ್ತದೆ. ಒಂದು ಭುಜಕ್ಕೆ ಈಗ ನನಗೆ 12ರಿಂದ 15 ನಿಮಿಷ, ಸೊಂಟದ ಪೂರ್ತಿ ಸುತ್ತಿಗೆ 50 ನಿಮಿಷ. ಬೆವರು ಬಂದರೆ ಗೆರೆಯೂ ಹೊಳೆಯುತ್ತದೆ, ಆದ್ದರಿಂದ ಟಚಪ್ಪಿಗೆ ಪಕ್ಕದಲ್ಲೇ ನಿಂತಿರಬೇಕು. ಖರ್ಚು? ಸಿಲಿಕೋನಿನ ಒಂದು ತುಂಡಿಗೆ ಆದ ದುಡ್ಡಿನಲ್ಲಿ ಈಗ ಸರಣಿಯ ಅರ್ಧ ಮುಗಿಯುತ್ತದೆ.

ದುಡ್ಡಿನ ಮಾತು ಬಂತು. 'ಕೊಲ್ಯಾಬ್', ಅಂದರೆ ಜೊತೆ ಸೇರಿ ಮಾಡುವ ಕೆಲಸ, ಎಂದರೆ ನಮ್ಮವರಿಗೆ ಪುಕ್ಕಟೆ ಎಂದೇ ಅರ್ಥ. ಹಿಂದೆ ಒಬ್ಬರ ಜೊತೆ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೆ. ಚಿತ್ರಗಳು ಪ್ರದರ್ಶನಕ್ಕೆ ಹೋದವು, ಮಾರಾಟವೂ ಆದವು, ನನ್ನ ಹೆಸರು ಎಲ್ಲೂ ಇರಲಿಲ್ಲ. ವೇಷ ಹಾಕಿ ತಮ್ಮದೇ ಫೋಟೋ ತೆಗೆದುಕೊಳ್ಳುವ ಕಲಾವಿದೆ ಸಿಂಡಿ ಶರ್ಮನ್ ತಮ್ಮ ಮೇಕಪ್ಪನ್ನು ತಾವೇ ಮಾಡಿಕೊಳ್ಳುತ್ತಾರೆ, ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇಬ್ಬರು ಸೇರಿ ಮಾಡಿದಾಗ ಹೇಗೆ? ಪುಷ್ಪಮಾಲಾ ಎನ್. ಮತ್ತು ಕ್ಲೇರ್ ಆರ್ನಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಪಾತ್ರಗಳನ್ನಿಟ್ಟುಕೊಂಡು ಮಾಡಿದ ಫೋಟೋ ಸರಣಿಯಲ್ಲಿ ಕಲಾವಿದೆ, ಫೋಟೋಗ್ರಾಫರ್ ಇಬ್ಬರ ಹೆಸರೂ ಜೊತೆಯಾಗಿಯೇ ಇವೆ. ಅದನ್ನೇ ಮುಂದಿಟ್ಟು ಬರವಣಿಗೆಯಲ್ಲಿ ಕೇಳಿದೆ: ಸಾಮಗ್ರಿ ಖರ್ಚು ಮೂವರಿಗೂ ಸಮ, ದಿನಗೂಲಿ ನನ್ನ ಮದುವೆ ಮೇಕಪ್ ದರದ ಮೂರನೇ ಒಂದು ಪಾಲು, ಪ್ರಿಂಟ್ ಮಾರಾಟದಲ್ಲಿ ನೂರಕ್ಕೆ 10, ಹೆಸರು ಅದೇ ಸಾಲಿನಲ್ಲಿ ಅದೇ ಅಕ್ಷರದ ಅಳತೆಯಲ್ಲಿ. ಹತ್ತು ಎಂಟಾಯಿತು, ಉಳಿದದ್ದೆಲ್ಲ ಸಿಕ್ಕಿತು. ಮೊದಲ ಪ್ರದರ್ಶನದ ದಿನ ಗ್ಯಾಲರಿಯವರು ಗೋಡೆಯ ಚೀಟಿಯಲ್ಲಿ ನನ್ನ ಹೆಸರು ಬಿಟ್ಟಿದ್ದರು. ಬಾಗಿಲು ತೆರೆಯುವ ಮೊದಲೇ ಫೋಟೋಗ್ರಾಫರ್ ಪೆನ್ನು ತೆಗೆದು ಒಂದೊಂದು ಚೀಟಿಯ ಮೇಲೂ ತಾವೇ ಬರೆದರು. ವರ್ಷದ ಲೆಕ್ಕ ಹಾಕಿದರೆ ಸಿಲಿಕೋನಿನಲ್ಲಿ ಹೋದದ್ದು ವಾಪಸು ಬಂತು, ಮೇಲೆ ಅದರ ಅರ್ಧದಷ್ಟು ಉಳಿಯಿತು. ಕಂಪ್ರೆಸರ್ ಬಂತು.

ಗೆದ್ದೆ ಎಂದು ನನಗೆ ಖಾತ್ರಿಯಾದದ್ದು ಮಾತ್ರ ಪ್ರದರ್ಶನಕ್ಕೂ ಮೊದಲು. ನೆಗೆಟಿವ್ ಸ್ಕ್ಯಾನ್ ಮಾಡಲು ಕೊಟ್ಟ ಲ್ಯಾಬಿನಿಂದ ಮೂರು ಫೈಲುಗಳು ನುಣ್ಣಗೆ ಬಂದವು, ಸೊಂಟದಲ್ಲಿ ಗುರುತೇ ಇಲ್ಲ. ವಿಚಾರಿಸಿದರೆ ರಿಟಚ್ ಮಾಡುವ ಹುಡುಗ "ಚರ್ಮದ ಮೇಲೆ ಬಟ್ಟೆ ಗುರುತು ಬಿದ್ದಿತ್ತು ಮೇಡಂ, ಕ್ಲೀನ್ ಮಾಡಿಕೊಟ್ಟೆ" ಎಂದ. ಕಲಾವಿದೆಗೆ ಸಿಟ್ಟು ಬಂತು, ಮೂರನ್ನೂ ಮತ್ತೆ ಸ್ಕ್ಯಾನ್ ಮಾಡಿಸಿದರು. ಅಳಿಸಿದ ಫೈಲುಗಳಲ್ಲಿ ಒಂದನ್ನು ನಾನು ಕೇಳಿ ಇಸಿದುಕೊಂಡೆ. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಈಗ ಉಂಗುರದ ಗುರುತು ನಡೆಯುತ್ತಿದೆ. ವರ್ಷಗಟ್ಟಲೆ ತೊಟ್ಟು ತೆಗೆದ ಬೆರಳಿನ ಬುಡದಲ್ಲಿ ಉಳಿಯುವ ಆ ಸಣ್ಣ ಸುತ್ತು. ಬೆರಳು ಮಡಚಿದ ಕೂಡಲೇ ಹೊಳಪಿನ ದಡ ಒಡೆಯುತ್ತದೆ, ಜೊತೆಗೆ ಅಲ್ಲಿ ಚರ್ಮದ ಬಣ್ಣವೂ ತಿಳಿಯಾಗಿರುವುದರಿಂದ ಬಣ್ಣವಿಲ್ಲದೆ ಸಾಗುತ್ತಿಲ್ಲ. ಈವರೆಗೆ ಆರು ಸಲ ಮಾಡಿದ್ದೇವೆ, ಆರೂ ಕೆಟ್ಟಿವೆ. ಏಳನೆಯದಕ್ಕೆ ಮಿಶ್ರಣದಲ್ಲಿ ಗ್ಲಿಸರಿನ್ ಇಳಿಸಿ ನೋಡಬೇಕೆಂದಿದ್ದೇನೆ.